ಲೀಪ್ ಸೆಕೆಂಡ್: ಭೂಮಿಗೂ ಗಡಿಯಾರಕ್ಕೂ ತಾಳ ತಪ್ಪಿದ್ದು ಯಾಕೆ?

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸೂರ್ಯನ ಕಡೆಗಿರುವ ಅರ್ಧಕ್ಕೆ ಹಗಲು, ಇನ್ನರ್ಧಕ್ಕೆ ರಾತ್ರಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ತಿರುಗಾಟದ ವೇಗ ಸದಾ ಒಂದೇ ಆಗಿರುವುದಿಲ್ಲ. ಗಡಿಯಾರವನ್ನು ಭೂಮಿಗೆ ಹೊಂದಿಸಲು ಆಗಾಗ ಸೇರಿಸುವ ಒಂದು ಸೆಕೆಂಡ್, ಅಂದರೆ ಲೀಪ್ ಸೆಕೆಂಡ್, ಬೇಕೋ ಬೇಡವೋ ಎಂಬ ಉದ್ದನೆಯ ವಾದ ಹುಟ್ಟಿದ್ದೇ ಇದರಿಂದ.

ಆರ್ಯಭಟ ಐದನೇ ಶತಮಾನದ ಕೊನೆಗೇ ಭೂಮಿ ತಿರುಗುತ್ತದೆ ಎಂದಿದ್ದ. 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್‌ನಲ್ಲಿ ಲೋಲಕ ತೂಗಿಬಿಟ್ಟು ಅದನ್ನು ಜನರಿಗೆ ತೋರಿಸಿದ. ಆಮೇಲೂ ನೂರು ವರ್ಷ, ಸೆಕೆಂಡ್ ಎಂದರೆ ದಿನದ 86,400 ಪಾಲುಗಳಲ್ಲಿ ಒಂದು, ಅಷ್ಟೇ. ಗಡಿಯಾರ ತಪ್ಪಿದರೆ ಆಕಾಶ ನೋಡಿ ತಿದ್ದಿಕೊಳ್ಳುತ್ತಿದ್ದರು.

1955ರಲ್ಲಿ ಇಂಗ್ಲೆಂಡಿನಲ್ಲಿ, ಪರಮಾಣುವಿನ ಕಂಪನ ಎಣಿಸಿ ಸಮಯ ಹೇಳುವ ಸೀಸಿಯಂ ಗಡಿಯಾರ ಓಡತೊಡಗಿತು. ಅದು ಭೂಮಿಗಿಂತ ನಿಖರ. 1967ರಲ್ಲಿ ಸೆಕೆಂಡಿಗೆ ಹೊಸ ಅಳತೆ ಬಂತು: ಸೀಸಿಯಂ ಪರಮಾಣುವಿನ 9,192,631,770 ಕಂಪನಗಳು. ತೊಡಕು ಶುರುವಾದದ್ದು ಇಲ್ಲಿ. ಆ ಸಂಖ್ಯೆ ಬಂದದ್ದು ಹಳೆಯ ಖಗೋಳ ಲೆಕ್ಕದಿಂದ. ಅದು ಹೊಂದುತ್ತಿದ್ದುದು ಹೆಚ್ಚುಕಡಿಮೆ 1820ರ ದಿನದ ಉದ್ದಕ್ಕೆ. ಚಂದ್ರನಿಂದಾಗುವ ಉಬ್ಬರವಿಳಿತ ಭೂಮಿಯನ್ನು ಸದಾ ತಡೆಯುತ್ತಿರುತ್ತದೆ, ಅದರಿಂದ ದಿನ ನಿಧಾನವಾಗಿ ಉದ್ದವಾಗುತ್ತದೆ. 1970ರ ಹೊತ್ತಿಗೆ ದಿನಕ್ಕೆ ಸುಮಾರು 3 ಮಿಲಿಸೆಕೆಂಡ್ ಜಾಸ್ತಿ. ವರ್ಷಕ್ಕೆ ಅದೇ ಒಂದು ಸೆಕೆಂಡ್ ಆಗುತ್ತದೆ, ಅಲ್ವಾ?

ಹಾಗಾಗಿ 1972ರಲ್ಲಿ ಒಂದು ರಾಜಿ. ಭೂಮಿಗೂ ಗಡಿಯಾರಕ್ಕೂ 0.9 ಸೆಕೆಂಡಿಗಿಂತ (ಮೊದಮೊದಲು 0.7) ಹೆಚ್ಚು ಅಂತರ ಬೀಳದಂತೆ, ಬೇಕಾದಾಗ ಜೂನ್ ಅಥವಾ ಡಿಸೆಂಬರ್ ಕೊನೆಗೆ ಒಂದು ಸೆಕೆಂಡ್ ಸೇರಿಸುವುದು. ಹೀಗೆ 27 ಸಲ ಸೇರಿಸಿದರು. ಕೊನೆಯದು 2016ರ ಡಿಸೆಂಬರ್ 31ರಂದು.

ಆ ಕಾಲಕ್ಕೆ ಇದು ಒಳ್ಳೆಯ ಉಪಾಯವೇ. ಕಂಪ್ಯೂಟರ್‌ಗಳು ಒಂದಕ್ಕೊಂದು ಜೋಡಿಸಿಕೊಂಡ ಮೇಲೆ ಕಷ್ಟವಾಯಿತು. ಭೂಮಿಯ ವೇಗವನ್ನು ತುಂಬಾ ಮುಂಚೆ ಹೇಳಲಾಗದು, ಹಾಗಾಗಿ ಸೂಚನೆ ಸಿಗುವುದು ಸುಮಾರು ಆರು ತಿಂಗಳು ಮೊದಲು. 59 ಆದ ಮೇಲೆ 60ನೇ ಸೆಕೆಂಡ್ ಬರುತ್ತದೆ ಎಂಬುದು ಎಷ್ಟೋ ಪ್ರೋಗ್ರಾಂಗಳಿಗೆ ಗೊತ್ತೇ ಇರಲಿಲ್ಲ. 2012ರ ಜೂನ್ 30ರಂದು ಲಿನಕ್ಸ್ ಸರ್ವರ್‌ಗಳು ತಡವರಿಸಿ ಹಲವು ವೆಬ್‌ಸೈಟ್‌ಗಳು ನಿಂತವು. ಆಮೇಲೆ ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಆ ಸೆಕೆಂಡನ್ನು ಇಡೀ ದಿನಕ್ಕೆ ಹರಡಿದರು. ಜಿಪಿಎಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 2017ರಿಂದ ಅಧಿಕೃತ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. ಅದರಂಥದ್ದೇ ರಷ್ಯಾದ ವ್ಯವಸ್ಥೆ ಗ್ಲೊನಾಸ್ ತೆಗೆದುಕೊಳ್ಳುತ್ತದೆ. ಜಗತ್ತಿಗೆಲ್ಲ ಒಂದೇ ಸಮಯ ಇರಲಿ ಎಂದು ಮಾಡಿದ ವ್ಯವಸ್ಥೆಯೊಳಗೇ ಹಲವು ಸಮಯಗಳು ಹುಟ್ಟಿಕೊಂಡವು. ನಿಜವಾಗಿ ಚಿಂತೆ ಮಾಡಬೇಕಾದದ್ದು ಇದಕ್ಕೆ.

ಇಷ್ಟಾದರೂ ತೀರ್ಮಾನ ಮಾತ್ರ ಮುಂದಕ್ಕೇ ಹೋಯಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2012ರ ಸಭೆ ಅದನ್ನು 2015ಕ್ಕೆ ತಳ್ಳಿತು, 2015ರದು 2023ಕ್ಕೆ. ಕೊನೆಗೆ 2022ರ ನವೆಂಬರ್‌ನಲ್ಲಿ ಅಳತೆ ಮತ್ತು ತೂಕಗಳ ಮಹಾಸಭೆ, ಲೀಪ್ ಸೆಕೆಂಡ್ ಪದೇ ಪದೇ ಬೇಕಾಗದಂತೆ 2035ರೊಳಗೆ ಅಂತರದ ಮಿತಿಯನ್ನು ಹಿಗ್ಗಿಸಬೇಕು ಎಂದು ಒಪ್ಪಿತು. ಹೊಸ ಮಿತಿ ಎಷ್ಟು ಎಂದು ಅಂದು ನಿಶ್ಚಯಿಸಲಿಲ್ಲ.

ಈ ನಡುವೆ ಭೂಮಿಯೇ ಚುರುಕಾಗಿದೆ. 2024ರ ಜುಲೈ 5ರ ದಿನ 86,400 ಸೆಕೆಂಡಿಗಿಂತ 1.66 ಮಿಲಿಸೆಕೆಂಡ್ ಚಿಕ್ಕದಾಗಿತ್ತು. ಭೂಮಿಯ ತಿರುಳಿನ ಚಲನೆ ಇದಕ್ಕೆ ಒಂದು ಕಾರಣ ಎನ್ನುತ್ತಾರೆ. ಧ್ರುವಗಳ ಹಿಮ ಕರಗಿ ನೀರು ಸಮಭಾಜಕದ ಕಡೆ ಹರಡುವುದರಿಂದ ಈ ವೇಗ ಸ್ವಲ್ಪ ತಗ್ಗುತ್ತದೆ ಕೂಡ. ವೇಗ ಹೀಗೇ ಮುಂದುವರಿದರೆ ಒಂದು ಸೆಕೆಂಡನ್ನು ಕಳೆಯಬೇಕಾದೀತು. ಸೇರಿಸುವಾಗಲೇ ತಡವರಿಸಿದ ಕಂಪ್ಯೂಟರ್‌ಗಳು ಕಳೆಯುವುದನ್ನು ಇದುವರೆಗೆ ಒಮ್ಮೆಯೂ ಮಾಡಿಲ್ಲ. 2035ರವರೆಗೆ ಕಾಯದೆ ಹೊಸ ನಿಯಮವನ್ನು ಅದಕ್ಕೂ ಮೊದಲೇ ತರುವುದಕ್ಕೆ 2022ರ ನಿರ್ಣಯದಲ್ಲೇ ಅವಕಾಶವಿದೆ.