ಏಮಿ ವೈನ್‌ಹೌಸ್ ಟಿಪ್ಪಣಿ: ಟ್ಯೂನ್ ಬೇರೆ, ಕಾರ್ಡ್ ಬೇರೆ

ಇದು ತಲೆಗೆ ಹತ್ತಿದ್ದು ನಿನ್ನೆ ರಾತ್ರಿ. ಮರೆತುಹೋದೀತು ಅಂತ ಈಗಲೇ ಬರೆದಿಡುತ್ತಿದ್ದೇನೆ. ಸಂಗೀತದ ಕೋರ್ಸ್‌ನಲ್ಲಿ ಈ ವಾರ ಇಂಗ್ಲೆಂಡಿನ ಹಾಡುಗಾರ್ತಿ ಏಮಿ ವೈನ್‌ಹೌಸ್ ಪಾಠ. ಕ್ವಿಜ್‌ನಲ್ಲಿ ಒಂದು ಪ್ರಶ್ನೆ: ‘ಟಿಯರ್ಸ್ ಡ್ರೈ ಆನ್ ದೇರ್ ಓನ್’ ಹಾಡಿನ ಟ್ಯೂನ್ ಯಾರದು? ನಾನು ಬಹಳ ಧೈರ್ಯವಾಗಿ ತಪ್ಪು ಉತ್ತರ ಒತ್ತಿದೆ.

ಮೊದಲು ಬದುಕು, ಬೇಗ ಬೇಗ

ಹುಟ್ಟಿದ್ದು 1983ರ ಸೆಪ್ಟೆಂಬರ್ 14ರಂದು, ಉತ್ತರ ಲಂಡನ್ನಿನ ಯಹೂದಿ ಕುಟುಂಬದಲ್ಲಿ. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು, ಫ್ರಾಂಕ್ ಸಿನಾಟ್ರಾ ಹಾಡು ಅವರ ಬಾಯಲ್ಲೇ ಇರುತ್ತಿತ್ತು. ಅಪ್ಪನ ತಾಯಿ ಸಿಂಥಿಯಾ ಕೂಡ ಒಂದು ಕಾಲಕ್ಕೆ ಹಾಡುಗಾರ್ತಿ. ಹದಿಹರೆಯದಲ್ಲೇ ಏಮಿ ಅಲ್ಲಿನ ನ್ಯಾಷನಲ್ ಯೂತ್ ಜಾಝ್ ಆರ್ಕೆಸ್ಟ್ರಾ ಜೊತೆ ಹಾಡಿದಳು. (‘ಹಾಡಿದರು’ ಅಂತ ಬರೆದು ನೋಡಿದೆ, ಯಾಕೋ ದೂರದವಳಾದಳು. ‘ಅವಳು’ ಅಂತಲೇ ಇರಲಿ.)

ಮೊದಲ ಆಲ್ಬಂ ‘ಫ್ರಾಂಕ್’, 2003. ಜಾಝ್ ಘಾಟು ಜಾಸ್ತಿ, ಜೊತೆಗೆ ಸ್ವಲ್ಪ ಹಿಪ್‌ಹಾಪ್. ಎರಡನೆಯದು ‘ಬ್ಯಾಕ್ ಟು ಬ್ಲ್ಯಾಕ್’, 2006. ಇದು 1960ರ ದಶಕದ ಸೋಲ್ (soul, ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡಿನ ಬಗೆ) ಹಾಡುಗಳ ಮತ್ತು ಹುಡುಗಿಯರ ಗುಂಪುಗಾಯನದ ದಾರಿ ಹಿಡಿದದ್ದು. ಪ್ರೊಡ್ಯೂಸರ್‌ಗಳು ಇಬ್ಬರು, ಮಾರ್ಕ್ ರಾನ್ಸನ್ ಮತ್ತು ಸಲಾಮ್ ರೆಮಿ. ಬದುಕಿದ್ದಾಗ ಹೊರಬಂದ ಸ್ಟುಡಿಯೋ ಆಲ್ಬಂ ಇವೆರಡೇ.

ಇಲ್ಲಿ ನನಗೆ ಒಂದು ಪ್ರಶ್ನೆ ಎದ್ದಿತ್ತು. ಮೊದಲನೆಯದು ಜಾಝ್, ಎರಡನೆಯದು ಸೋಲ್ ಅಂತ ಎಲ್ಲರೂ ಗೆರೆ ಎಳೆಯುತ್ತಾರೆ. ಹಾಗಾದ್ರೆ ಎರಡನೆಯದರಲ್ಲಿ ಜಾಝ್ ಎಲ್ಲಿ ಹೋಯಿತು? ಕ್ವಿಜ್‌ನಲ್ಲಿ ಮುಗ್ಗರಿಸಿದ್ದೂ ಇದೇ ಜಾಗದಲ್ಲಿ.

ನಾನು ಬಿದ್ದ ಗುಂಡಿ

‘ಟಿಯರ್ಸ್ ಡ್ರೈ’ ಹಾಡಿನ ಹಿಂದೆ ಕೇಳೋ ವಾದ್ಯಸಂಗೀತ 1967ರಲ್ಲಿ ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ ಹಾಡಿದ ‘ಏಂಟ್ ನೋ ಮೌಂಟನ್ ಹೈ ಎನಫ್’ ಹಾಡಿನದು. ಅದನ್ನು ಬರೆದ ಆ್ಯಶ್‌ಫರ್ಡ್ ಮತ್ತು ಸಿಂಪ್ಸನ್ ಜೋಡಿಯ ಹೆಸರು ಏಮಿಯ ಹಾಡಿನ ಬರಹಗಾರರ ಪಟ್ಟಿಯಲ್ಲೂ ಇದೆ. ಇಷ್ಟು ಓದಿದ ಕೂಡಲೇ ನನಗನ್ನಿಸಿದ್ದು, ಓಹೋ, ನಮ್ಮಲ್ಲಿ ಸಿನಿಮಾ ಹಾಡಿನ ಧಾಟಿಗೆ ದೇವರ ಭಜನೆ ಕೂರಿಸ್ತಾರಲ್ಲ, ಹಾಗೇ ಇರಬೇಕು, ಟ್ಯೂನ್ ಹಳೇದು, ಮಾತು ಮಾತ್ರ ಏಮಿಯದು.

ತಪ್ಪು. ಉಲ್ಟಾ. ಟ್ಯೂನ್ ಏಮಿಯದೇ, ಮಾತೂ ಏಮಿಯದೇ. ಹಳೇದು ಕೆಳಗಿನ ನೆಲ ಮಾತ್ರ, ಅಂದರೆ ಕಾರ್ಡ್‌ಗಳ (chord, ಒಟ್ಟಿಗೆ ನುಡಿಸೋ ಮೂರ್ನಾಲ್ಕು ಸ್ವರಗಳ ಗುಂಪು) ಸಾಲು.

ಚಿಕ್ಕಂದಿನಿಂದ ಒಂದಿಷ್ಟು ಕರ್ನಾಟಕ ಸಂಗೀತ ಕಲಿತವರಿಗೆ ಇದು ಸುಲಭಕ್ಕೆ ತಲೆಗೆ ಹೋಗಲ್ಲ. ಯಾಕಂದ್ರೆ ನಮ್ಮಲ್ಲಿ ಕಾರ್ಡ್ ಅನ್ನೋದೇ ಇಲ್ಲ. ಶ್ರುತಿ ಒಂದೇ ಕಡೆ ನಿಂತಿರುತ್ತದೆ, ಹಾಡು ಅಂದರೆ ಟ್ಯೂನು, ಅಷ್ಟೇ. ಅಲ್ಲಿ ಹಾಗಲ್ಲ, ಹಾಡಿನ ಕೆಳಗೆ ನೆಲ ಸರಿಯುತ್ತಾ ಇರುತ್ತದೆ. ನಾನು ಕೊನೆಗೆ ಕೀಬೋರ್ಡ್ ಮುಂದೆ ಕೂತು ಮಾಡಿದ್ದು ಇದು. ನೀವೂ ಮಾಡಿ, ಐದು ನಿಮಿಷ ಸಾಕು.

ಸಿ ಕೀಯನ್ನು ಷಡ್ಜ ಅಂತಿಟ್ಟುಕೊಳ್ಳಿ, ಶಂಕರಾಭರಣದ ಸ್ವರಗಳು. ಎಡಗೈಯಲ್ಲಿ ನಾಲ್ಕು ಕಾರ್ಡ್, ಒಂದೊಂದಕ್ಕೆ ನಾಲ್ಕು ಎಣಿಕೆ. ಮೊದಲನೆಯದು ಸ-ಗ-ಪ. ಎರಡನೆಯದು ದ-ಸ-ಗ. ಮೂರನೆಯದು ಮ-ದ-ಸ. ನಾಲ್ಕನೆಯದು ಪ-ನಿ-ರಿ. ಎಡಗೈ ಇದನ್ನೇ ಸುತ್ತುತ್ತಿರಲಿ. ಈಗ ಬಾಯಲ್ಲಿ ಒಂದೊಂದು ಕಾರ್ಡಿಗೆ ಒಂದೊಂದೇ ಸ್ವರ ಹಾಡಿ: ಗ, ಗ, ಮ, ರಿ. ಸರಿಯಾಗಿ ಕೂರುತ್ತದೆ. ಎಡಗೈ ಬದಲಿಸದೆ ಇನ್ನೊಂದು ಹಾಡಿ: ಪ, ದ, ಮೇಲಿನ ಸ, ನಿ. ಇದೂ ಕೂರುತ್ತದೆ! ಎರಡೂ ಬೇರೆ ಬೇರೆ ಟ್ಯೂನ್, ಕೆಳಗಿನ ನೆಲ ಒಂದೇ. ಯಾಕೆ ಕೂರುತ್ತದೆ ಅಂದರೆ ಪ್ರತಿ ಕಾರ್ಡಿನಲ್ಲೂ ಮೂರು ಸ್ವರ ಇವೆ, ಟ್ಯೂನು ಯಾವುದರ ಮೇಲೆ ನಿಂತರೂ ಕಿವಿಗೆ ತಕರಾರಿಲ್ಲ. ಎರಡನೇ ಕಾರ್ಡಲ್ಲಿ ಮೊದಲ ಟ್ಯೂನು ‘ಗ’ ಮೇಲೇ ನಿಂತಿತ್ತು, ಎರಡನೆಯದು ‘ದ’ಗೆ ಹೋಯಿತು, ಎರಡೂ ಆ ಕಾರ್ಡಿನ ಒಳಗಿನವೇ. ನಾನು ಇದನ್ನು ಇಪ್ಪತ್ತು ಸಲ ಬಾರಿಸಿರಬೇಕು. ಕೊನೆಗೆ ಪಕ್ಕದ ರೂಮಿನಿಂದ ‘ಸಾಕು ಮಾರಾಯ್ತಿ’ ಅಂತ ಕೂಗು ಬಂತು.

ಹೀಗೆ ಹಳೇ ಕಾರ್ಡ್ ಮೇಲೆ ಹೊಸ ಟ್ಯೂನ್ ಕಟ್ಟೋದಕ್ಕೆ ಕಾಂಟ್ರಾಫ್ಯಾಕ್ಟ್ ಅಂತ ಹೆಸರು. ಇದು ಜಾಝ್‌ನವರ ಹಳೇ ಚಾಳಿ. ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ‘ಆರ್ನಿಥಾಲಜಿ’ಯ ಕೆಳಗಿರೋದು ‘ಹೌ ಹೈ ದ ಮೂನ್’ ಹಾಡಿನ ಕಾರ್ಡ್‌ಗಳು. ಏಮಿಯ ಹಾಡಲ್ಲಿ ಬರೀ ಕಾರ್ಡ್ ಅಲ್ಲ, ಹಿನ್ನೆಲೆಯ ಗುರುತೂ ಹಳೇ ಹಾಡಿನದೇ, ಆದ್ದರಿಂದ ಪೂರ್ತಿ ಅದೇ ಲೆಕ್ಕಕ್ಕೆ ಸೇರಿಸೋದು ಕಷ್ಟ. ಆದರೆ ಯೋಚನೆಯ ಬಗೆ ಅದೇ.

ಅವಳು ಸತ್ತ ಮೇಲೆ ಬಂದ ‘ಲಯನೆಸ್’ ಆಲ್ಬಂನಲ್ಲಿ ಇದೇ ಹಾಡಿನ ಮೊದಲ ರೂಪ ಇದೆ. ನಿಧಾನ, ಅಳುವಿನ ಧಾಟಿ. ಕುಣಿಯೋ ಹಾಡಾಗಿದ್ದು ಆಮೇಲೆ. ಎರಡನ್ನೂ ಒಂದರ ಹಿಂದೊಂದು ಕೇಳಿ. ಟ್ಯೂನು ಮತ್ತು ನೆಲ ಬೇರೆ ಬೇರೆ ವಸ್ತು ಅನ್ನೋದು ಯಾವ ಪಾಠಕ್ಕಿಂತ ಚೆನ್ನಾಗಿ ಅಲ್ಲೇ ಗೊತ್ತಾಗುತ್ತದೆ.

ಸುಳಿವು ‘ಫ್ರಾಂಕ್’ನಲ್ಲೇ ಇತ್ತು

ಮೊದಲ ಆಲ್ಬಂನಲ್ಲಿ ‘ಮೂಡೀಸ್ ಮೂಡ್ ಫಾರ್ ಲವ್’ ಇದೆ. ಏಮಿ ಬರೆದದ್ದಲ್ಲ. 1935ರ ಒಂದು ಹಾಡಿನ ಮೇಲೆ ಜೇಮ್ಸ್ ಮೂಡಿ 1949ರಲ್ಲಿ ಸ್ವೀಡನ್ನಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದ. ಎಡ್ಡಿ ಜೆಫರ್ಸನ್ ಆ ನುಡಿಸಾಣಿಕೆಯ ಸ್ವರ ಸ್ವರಕ್ಕೂ ಮಾತು ಕೂರಿಸಿದ. ಅಂದರೆ ಹಳೇ ನೆಲ, ಹೊಸ ಟ್ಯೂನ್, ಅದರ ಮೇಲೆ ಮಾತು. ಇಪ್ಪತ್ತು ವರ್ಷದ ಹುಡುಗಿ ಇದನ್ನು ಬಾಯಿಪಾಠ ಮಾಡಿಕೊಂಡಿದ್ದಳು ಅಂದರೆ ಮೂರು ವರ್ಷದ ಮೇಲೆ ಸೋಲ್ ಹಾಡಿನ ನೆಲದ ಮೇಲೆ ತನ್ನದೇ ಟ್ಯೂನ್ ಕಟ್ಟಿದ್ದರಲ್ಲಿ ಆಶ್ಚರ್ಯ ಏನು, ಅಲ್ವಾ?

ಉಳಿದದ್ದು

ಪರೀಕ್ಷೆಗೆ ಬರಬಹುದಾದ್ದು: 2008ರ ಫೆಬ್ರವರಿಯಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ, ಅಂದರೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ. ವೀಸಾ ಸಿಗೋದು ತಡವಾಗಿ ಅಮೆರಿಕಕ್ಕೆ ಹೋಗಲಾಗಲಿಲ್ಲ, ಲಂಡನ್ನಿನಿಂದಲೇ ಉಪಗ್ರಹದ ಮೂಲಕ ಹಾಡಿದಳು. ಐದರಲ್ಲಿ ಒಂದು ‘ಹೊಸ ಕಲಾವಿದೆ’ ಪ್ರಶಸ್ತಿ, ಮೊದಲ ಆಲ್ಬಂ ಬಂದು ನಾಲ್ಕು ವರ್ಷ ಆದಮೇಲೆ! ಹಾಡು ಬರೆಯೋರಿಗೆ ಕೊಡೋ ಐವರ್ ನೊವೆಲೊ ಪ್ರಶಸ್ತಿ ಮೂರು ಸಲ ಬಂದಿದೆ. ನನ್ನ ಪ್ರಕಾರ ಅದೇ ಹೆಚ್ಚು ತೂಕದ್ದು.

ಕುಡಿತ, ಡ್ರಗ್ಸ್, ಮನೆ ಬಾಗಿಲಲ್ಲಿ ಕಾಯೋ ಕ್ಯಾಮೆರಾಗಳು, ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬರೆಯಲ್ಲ. 2011ರ ಜುಲೈ 23ರಂದು ಕ್ಯಾಮ್ಡೆನ್‌ನ ಮನೆಯಲ್ಲಿ ಅತಿಯಾದ ಮದ್ಯದಿಂದ ತೀರಿಕೊಂಡಳು. 27 ವರ್ಷ.

ಅದೇ ವರ್ಷ ಮಾರ್ಚ್‌ನಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ 84 ವರ್ಷದ ಅಮೆರಿಕದ ಹಾಡುಗಾರ ಟೋನಿ ಬೆನೆಟ್ ಜೊತೆ ‘ಬಾಡಿ ಆ್ಯಂಡ್ ಸೋಲ್’ ಹಾಡಿದ್ದಳು. 1930ರ ಹಾಡು. ಭಯದಲ್ಲಿ ಒದ್ದಾಡುತ್ತಿದ್ದವಳ ಹತ್ತಿರ ಬೆನೆಟ್ ಹಾಡುಗಾರ್ತಿ ಡೈನಾ ವಾಷಿಂಗ್ಟನ್ ಹೆಸರೆತ್ತಿದರಂತೆ. ಕೂಡಲೇ ಮುಖ ಅರಳಿತಂತೆ. ಅದಕ್ಕೂ 2012ರಲ್ಲಿ ಗ್ರ್ಯಾಮಿ ಬಂತು.

ಇದೇ ಹಾಡನ್ನು ಕೋಲ್ಮನ್ ಹಾಕಿನ್ಸ್ 1939ರಲ್ಲಿ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದ್ದಾನೆ. ಶುರುವಲ್ಲಿ ಮೂಲ ಟ್ಯೂನು ಚೂರು ಕಾಣಿಸುತ್ತದೆ, ಆಮೇಲೆ ಪೂರ್ತಿ ಮಾಯ, ಬರೀ ನೆಲದ ಮೇಲೆ ಓಡಾಟ. ಈಗ ಅದನ್ನು ಹಾಕಿಕೊಂಡು, ಹಾಕಿನ್ಸ್ ಸ್ಯಾಕ್ಸೊಫೋನ್ ಮೇಲೆ ಏಮಿ ಹಾಡಿದ ಟ್ಯೂನನ್ನು ಮೆಲ್ಲಗೆ ಗುನುಗಿ ನೋಡುತ್ತಿದ್ದೇನೆ. ಮೊದಲ ಎರಡು ಸಾಲು ಕೂತಿತು. ಮಧ್ಯದ ಭಾಗದಲ್ಲಿ ಕಾರ್ಡ್ ಎಲ್ಲೋ ಹಾರುತ್ತದೆ, ನಾನು ಬಿದ್ದುಹೋಗುತ್ತೇನೆ. ಮತ್ತೆ ಮೊದಲಿಂದ.