ದುಡ್ಡಿಲ್ಲ ಅಂತ ನಗರಸಭೆ ಕೈಚೆಲ್ಲಿದರೆ ಕೋರ್ಟ್ ಏನು ಮಾಡಬಹುದು?

ಪ್ರಶ್ನೆ: ಚರಂಡಿ ಕಟ್ಟಿಸಿ ಅಂತ ನಗರಸಭೆಗೆ ಕೋರ್ಟ್ ಆದೇಶ ಕೊಡಬಹುದೇ? ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದು ಗೆದ್ದು ಬಂದ ಸದಸ್ಯರಿಗೆ ಬಿಟ್ಟದ್ದು ಅಲ್ವಾ?

ಉತ್ತರ: ಕೊಡಬಹುದು. ಮಧ್ಯಪ್ರದೇಶದ ರತ್ಲಾಮ್ ನಗರಸಭೆಯ ಕೇಸಿನಲ್ಲಿ ಇದು 1980ರಲ್ಲೇ ತೀರ್ಮಾನವಾಗಿದೆ.

ಅಲ್ಲಿನ ನ್ಯೂ ರೋಡ್ ನಿವಾಸಿಗಳಿಗೆ ಮೂಗು ಬಿಡುವಂತಿರಲಿಲ್ಲ. ಮದ್ಯಸಾರದ ಕಾರ್ಖಾನೆಯಿಂದ ನಾತದ ನೀರು ಬೀದಿಗೇ ಹರಿಯುತ್ತಿತ್ತು. ಸರಿಯಾದ ಚರಂಡಿ ಇಲ್ಲ, ಶೌಚಾಲಯ ಇಲ್ಲ. ಗುಡಿಸಲಿನ ಬಡವರು ಬಯಲಲ್ಲೇ ಕೂರಬೇಕು. ನಿಂತ ಕೊಳಚೆಯಲ್ಲಿ ಸೊಳ್ಳೆ. ಜನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್, ಅಂದರೆ ಸಾರ್ವಜನಿಕರಿಗೆ ಆಗುವ ಉಪದ್ರವ ತೆಗೆಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುವ ಸೆಕ್ಷನ್ ಹಿಡಿದು ಉಪವಿಭಾಗದ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. 6 ತಿಂಗಳಲ್ಲಿ ಯೋಜನೆ ತಯಾರಿಸಿ ಅಂತ ಅವರು ನಗರಸಭೆಗೆ ಹೇಳಿದರು. ಸೆಷನ್ಸ್ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಹೈಕೋರ್ಟ್ ಮ್ಯಾಜಿಸ್ಟ್ರೇಟರ ಆದೇಶವನ್ನೇ ಮತ್ತೆ ಎತ್ತಿಹಿಡಿಯಿತು. ನಗರಸಭೆ ಅಷ್ಟಕ್ಕೂ ಸುಮ್ಮನಾಗದೆ ಸುಪ್ರೀಂ ಕೋರ್ಟ್ ಹತ್ತಿತು.

ಅದರ ವಾದ ಎರಡು. ನಮ್ಮಲ್ಲಿ ದುಡ್ಡಿಲ್ಲ. ಗಲೀಜು ಇರೋದು ಗೊತ್ತಿದ್ದೂ ಇವರೇ ಅಲ್ಲಿ ಮನೆ ಮಾಡಿದ್ದಾರೆ. ಎರಡನೇ ಮಾತು ಹೇಳೋದಕ್ಕೆ ಧೈರ್ಯ ಬೇಕು ಬಿಡಿ!

ನ್ಯಾಯಮೂರ್ತಿಗಳಾದ ಕೃಷ್ಣ ಅಯ್ಯರ್ ಮತ್ತು ಚಿನ್ನಪ್ಪ ರೆಡ್ಡಿ ಎರಡನ್ನೂ ಒಪ್ಪಲಿಲ್ಲ. ಜನರ ಆರೋಗ್ಯ ಕಾಪಾಡೋದಕ್ಕೇ ಇರುವ ನಗರಸಭೆ ದುಡ್ಡಿನ ನೆಪ ಹೇಳಿ ನುಣುಚಿಕೊಳ್ಳುವಂತಿಲ್ಲ ಅಂದರು. ಹಾಗಂತ ಜೇಬು ನೋಡದೆ ಆದೇಶ ಹೊರಡಿಸಲಿಲ್ಲ. ಸುಮಾರು 6 ಲಕ್ಷ ರೂಪಾಯಿಯೊಳಗಿನ ಯೋಜನೆಯನ್ನೇ ಆರಿಸಿ, 1 ವರ್ಷದ ಗಡುವು ಕೊಟ್ಟರು. ಶೌಚಾಲಯಕ್ಕೆ 6 ತಿಂಗಳು. ಕೆಲಸ ನಡೀತಿದೆಯಾ ಅಂತ ಮ್ಯಾಜಿಸ್ಟ್ರೇಟರು 3 ತಿಂಗಳಿಗೊಮ್ಮೆ ಹೋಗಿ ನೋಡಬೇಕು ಅಂದರು. ನನಗೆ ಇಡೀ ತೀರ್ಪಿನಲ್ಲಿ ಜಾಸ್ತಿ ಹಿಡಿಸೋದು ಇದೇ. ತಪಾಸಣೆ ಇಲ್ಲದಿದ್ದರೆ ಇಂಥ ಆದೇಶ ಕಡತದಲ್ಲೇ ಕೊಳೆಯುತ್ತದೆ.

ಇನ್ನು ನಿಮ್ಮ ಎರಡನೇ ಅನುಮಾನ. ಚರಂಡಿ, ನೈರ್ಮಲ್ಯ ನಗರಸಭೆಯ ಕರ್ತವ್ಯ ಅಂತ ರಾಜ್ಯದ 1961ರ ಕಾಯ್ದೆಯೇ ಹೇಳಿತ್ತು. ಕೋರ್ಟ್ ಹೊಸ ಕೆಲಸ ಹೊರಿಸಲಿಲ್ಲ, ಇದ್ದದ್ದನ್ನು ಮಾಡಿಸಿತು. ಪಾರ್ಕಿಗೆ ಕಾರಂಜಿ ಬೇಕು ಅಂತ ಹೋದರೆ ಈ ತೀರ್ಪು ಅಷ್ಟಾಗಿ ನೆರವಿಗೆ ಬರಲ್ಲ.

2024ರ ಜುಲೈ 1ರಿಂದ 133ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಇದೆ. ಅರ್ಜಿ ಕೊಡುವಾಗ ನಗರಸಭೆಗೆ ಮೊದಲು ಬರೆದ ದೂರುಗಳ ಪ್ರತಿಯನ್ನೂ ಜಾಗದ ಫೋಟೋಗಳನ್ನೂ ಲಗತ್ತಿಸಿ.