ಪುದೀನ ಜಜ್ಜಬೇಡಿ, ಸುಮ್ನೆ ತಟ್ಟಿ

ಮನೆಯಲ್ಲಿ ಕಾಕ್‌ಟೇಲ್ ಮಾಡುವವರ ಕೈಗೆ ಪುದೀನ ಸಿಕ್ಕರೆ ಮುಗೀತು. ಲೋಟದ ತಳಕ್ಕೆ ಹಾಕಿ, ನುಣ್ಣಗಾಗುವ ತನಕ ಕುಟ್ಟುತ್ತಾರೆ. ಜಜ್ಜಿದಷ್ಟೂ ಘಮ ಜಾಸ್ತಿ ಅನ್ನೋ ನಂಬಿಕೆ. ಆಮೇಲೆ ಕಹಿಯಾಯ್ತು ಅಂತ ಗಿಡವನ್ನು ಬೈಯುತ್ತಾರೆ. ಪಾಪ, ಗಿಡ ಏನು ಮಾಡೀತು? ಅದು ತನ್ನ ಘಮವನ್ನೆಲ್ಲ ಎಲೆಯ ಮೈಮೇಲೆ ಇಟ್ಟುಕೊಂಡಿದೆ, ನಾವು ಹೊಟ್ಟೆ ಬಗೆದು ಹುಡುಕುತ್ತಿದ್ದೇವೆ.

ಒಂದು ಭೂತಗನ್ನಡಿ ತಗೊಂಡು ಪುದೀನ ಎಲೆಯ ಅಡಿಭಾಗ ನೋಡಿ. ಬೆಳಕಿಗೆ ಸ್ವಲ್ಪ ವಾರೆಯಾಗಿ ಹಿಡಿದರೆ ಹೊಳೆಯುವ ಪುಟ್ಟ ಚುಕ್ಕಿಗಳು ಕಾಣುತ್ತವೆ. ಒಂದೊಂದೂ ಎಣ್ಣೆಯ ಗ್ರಂಥಿ. ತಳದಲ್ಲಿ ಒಂದು ಕೋಶ, ಅದರ ಮೇಲೆ ಗಿಡ್ಡಗೆ ಇನ್ನೊಂದು, ಅದರ ತಲೆಯ ಮೇಲೆ ದುಂಡಗೆ ಜೋಡಿಸಿದ ಎಂಟು ಕೋಶಗಳು. ಎಣ್ಣೆ ತಯಾರಿಸುವುದು ಈ ಎಂಟೇ. ತಯಾರಾದ ಎಣ್ಣೆ ಮೇಲಿನ ತೆಳು ಪೊರೆಯ ಕೆಳಗೆ ತುಂಬುತ್ತಾ ಹೋಗಿ, ಪೊರೆ ನೀರು ತುಂಬಿದ ಬಲೂನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಕೀಟ ಕಚ್ಚಿದ ಕೂಡಲೇ ಒಡೆದು ಅದರ ಬಾಯಿ ಉರಿಯಬೇಕು, ಅದಕ್ಕೇ ಈ ವ್ಯವಸ್ಥೆ. ಹಾಗಾಗಿ ಎಲೆಯನ್ನು ಅಂಗೈ ಮೇಲಿಟ್ಟು ಒಂದು ಚಪ್ಪಾಳೆ ತಟ್ಟಿದರೆ ಸಾಕು. ಬೇಕಾದದ್ದು ಹೊರಗೆ ಬಂದಾಯ್ತು.

ಜಜ್ಜಿದರೆ ಏನಾಗುತ್ತದೆ? ಎಲೆಯ ಒಳಕೋಶಗಳಲ್ಲಿ ಫೀನಾಲ್ ಎಂಬ ರಾಸಾಯನಿಕಗಳು ಒಂದು ಕೋಣೆಯಲ್ಲಿ, ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಗೋಡೆ ಒಡೆದರೆ ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕವೂ ಕೈಜೋಡಿಸುತ್ತದೆ. ಎಲೆ ಕಂದಾಗುತ್ತದೆ, ಪಾನೀಯಕ್ಕೆ ಕಹಿ ಒಗರು ಇಳಿಯುತ್ತದೆ. ಹೆಚ್ಚಿಟ್ಟ ಸೇಬು ಕಪ್ಪಾಗುವುದೂ ಇದೇ ಕಿಣ್ವದಿಂದ. ನಿಂಬೆರಸ ಮೊದಲೇ ಹಾಕಿದ್ದರೆ ಹುಳಿಗೆ ಅದರ ಆಟ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಬೇಸಿಲ್, ರೋಸ್ಮರಿ, ಥೈಮ್ ಎಂಬ ಘಮದ ಸೊಪ್ಪುಗಳೆಲ್ಲವೂ ಪುದೀನದ ಕುಟುಂಬದವೇ, ಎಲ್ಲಕ್ಕೂ ಈ ಗ್ರಂಥಿಗಳಿವೆ. ತುಂಬಿದ ಎಣ್ಣೆ ಬೇರೆ ಬೇರೆ, ಅಷ್ಟೇ. ಥೈಮ್‌ನಲ್ಲಿ ಥೈಮಾಲ್, ರೋಸ್ಮರಿಯಲ್ಲಿ ಸಿನಿಯೋಲ್ ಮತ್ತು ಕರ್ಪೂರ.

ಇಲ್ಲಿ ಜೋಸೆಫ್ ಪ್ರೀಸ್ಟ್ಲಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಈ ಪಾದ್ರಿಯ ಮನೆ ಪಕ್ಕದಲ್ಲೇ ಒಂದು ಬಿಯರ್ ಕಾರ್ಖಾನೆ. 1767ರ ಹೊತ್ತಿಗೆ ಅಲ್ಲಿನ ತೊಟ್ಟಿಗಳಿಂದ ಮೇಲೇಳುವ ಗಾಳಿಯನ್ನು ನೀರಿಗೆ ಸೇರಿಸಿ ಸೋಡಾ ಮಾಡಿದ. 1771ರ ಆಗಸ್ಟ್‌ನಲ್ಲಿ, ಮೇಣದ ಬತ್ತಿ ಉರಿದು ಆರಿಹೋದ ಮುಚ್ಚಿದ ಪಾತ್ರೆಯೊಳಗೆ ಒಂದು ಪುದೀನ ಕಡ್ಡಿ ಇಟ್ಟ. ಹತ್ತು ದಿನದ ಮೇಲೆ ನೋಡಿದರೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಚೆನ್ನಾಗಿ ಉರಿಯಿತು. ಅಂದರೆ ಪುದೀನ ಆ ಗಾಳಿಯನ್ನು ಚೊಕ್ಕ ಮಾಡಿತ್ತು. ಸೋಡಾ ಒಂದು ಕೈಯಲ್ಲಿ, ಪುದೀನ ಇನ್ನೊಂದು ಕೈಯಲ್ಲಿ. ರಮ್, ನಿಂಬೆ, ಸಕ್ಕರೆ ಸಿಕ್ಕಿದ್ದರೆ ಪುಣ್ಯಾತ್ಮ ಮೊಹಿಟೊ ಎಂಬ ಪುದೀನ ಕಾಕ್‌ಟೇಲನ್ನೂ ಮಾಡಿಬಿಡುತ್ತಿದ್ದನೇನೋ!

1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇನ್ನೊಂದು ಸಂಗತಿ ತೋರಿಸಿದ. ಗಾಳಿ ಚೊಕ್ಕವಾಗುವುದು ಬೆಳಕಿದ್ದಾಗ ಮಾತ್ರ, ಕತ್ತಲಲ್ಲಿ ಗಿಡವೂ ನಮ್ಮ ಹಾಗೇ ಉಸಿರಾಡುತ್ತದೆ. ರಾತ್ರಿ ಕೋಣೆಯಲ್ಲಿ ಗಿಡ ಇಟ್ಟರೆ ಉಸಿರು ಕಟ್ಟುತ್ತದೆ ಅಂತ ಇವತ್ತಿಗೂ ಹೆದರಿಸುವವರಿದ್ದಾರೆ. ಪಕ್ಕದಲ್ಲಿ ಮಲಗಿದ ಮನುಷ್ಯ ಒಂದು ಕುಂಡದ ಗಿಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಮ್ಲಜನಕ ಎಳೆದುಕೊಳ್ಳುತ್ತಾನೆ, ಅವನನ್ನು ಯಾರೂ ಹೊರಗೆ ಕಳಿಸಲ್ಲ ಅಲ್ವಾ?

ಒಳಗೆ ಬೆಳೆಸುವಾಗಿನ ನಿಜವಾದ ತೊಂದರೆ ಬೆಳಕಿನದೇ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ದೀಪ ಹಚ್ಚಿದ ಕೋಣೆ 300ರಿಂದ 500. ನಮ್ಮ ಕಣ್ಣು ತಕ್ಷಣ ಹೊಂದಿಕೊಳ್ಳುವುದರಿಂದ ಎರಡೂ ನಮಗೆ ‘ಬೆಳಕು’, ಗಿಡಕ್ಕೆ ಎರಡನೆಯದು ಹೆಚ್ಚುಕಮ್ಮಿ ಉಪವಾಸ. ಕಾಂಡ ಉದ್ದುದ್ದ ಎಳೆಯುತ್ತದೆ, ಎಲೆ ಪೇಲವವಾಗುತ್ತದೆ, ಎಣ್ಣೆಗೆ ಬೇಕಾದ ಸಕ್ಕರೆಯೇ ತಯಾರಾಗುವುದಿಲ್ಲ. ಗೊಬ್ಬರ ಸುರಿದರೆ ಇದು ಸರಿಹೋಗಲ್ಲ, ನೀರು ಜಾಸ್ತಿ ಹಾಕಿದರೆ ಬೇರು ಕೊಳೆಯುತ್ತದೆ. ಬಿಸಿಲು ಬೀಳುವ ಕಿಟಕಿ ಇಲ್ಲದಿದ್ದರೆ ಗಿಡ ಬೆಳೆಸುವ ಎಲ್‌ಇಡಿ ದೀಪವೊಂದನ್ನು ಹತ್ತಿರದಲ್ಲೇ ತೂಗುಹಾಕಿ ದಿನಕ್ಕೆ 12ರಿಂದ 16 ಗಂಟೆ ಉರಿಸಿ.

ಕೀಳುವಾಗ ಒಂಟಿ ಎಲೆ ಕೀಳಬೇಡಿ. ತುದಿಯನ್ನು ಎಲೆಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ತುದಿಮೊಗ್ಗಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ತುದಿ ಹೋದರೆ ಆ ಜೋಡಿಯ ಎರಡೂ ಬದಿಯಿಂದ ಕೊಂಬೆ ಒಡೆಯುತ್ತದೆ. ಕತ್ತರಿಸಿದ ಪುದೀನ ಕಡ್ಡಿ ಮಿಕ್ಕರೆ ನೀರಲ್ಲಿ ನಿಲ್ಲಿಸಿ, ಬೇರು ಬಿಡುತ್ತದೆ.

ಇನ್ನು ಮದ್ಯದಲ್ಲಿ ನೆನೆಸುವುದು. ಈ ಎಣ್ಣೆಗಳು ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತವೆ, ಆದರೆ ಎಲೆಯ ಹಸಿರು ಬಣ್ಣವೂ ಕಹಿಯೂ ಅದೇ ದಾರಿಯಲ್ಲಿ ಇಳಿಯುತ್ತವೆ. ಬೇಸಿಲ್‌ನಂಥ ಮೆತ್ತನೆ ಎಲೆಯನ್ನು ಬೇಗ ಸೋಸಿಬಿಡಿ, ರೋಸ್ಮರಿಯ ಗಟ್ಟಿ ಎಲೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಆಗಾಗ ರುಚಿ ನೋಡುತ್ತಿರಿ. ಬೇಸಿಲ್ ಮಿಕ್ಕರೆ ಫ್ರಿಜ್‌ಗೆ ತುರುಕಬೇಡಿ. ಚಳಿಗೆ ಅದರ ಕೋಶಗಳು ಹಾಳಾಗಿ ಎಲೆ ಕಪ್ಪಾಗುತ್ತದೆ. ಹೊರಗೇ ಒಂದು ಲೋಟ ನೀರಲ್ಲಿ ನಿಲ್ಲಿಸಿಡಿ.